ಬಾಳೆಕಂದಿಗೆ ಕಟ್ಟಿದ ತಂತಿ

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಸವೆದು ಸವೆದು ಆದದ್ದು. ಒಳಮಗ್ಗುಲಲ್ಲಿ ಹುಣಿಸೆಬೀಜದಷ್ಟು ದಪ್ಪನೆಯ ಜಡ್ಡು, ಉಗುರಿನ ಸಂದಿಯಲ್ಲಿ ಯಾವಾಗಲೂ ಬೆಳ್ಳಗೆ ವಿಭೂತಿ. ಅಂಗೈಯ ಕಿರುಬೆರಳ ಕಡೆಯ ಅಂಚಿನಲ್ಲಿ ಅಡ್ಡಡ್ಡವಾಗಿ ನಾಲ್ಕು ಗೆರೆ. ಮೊದಲ ಸಲ ನೋಡಿದಾಗ ಯಾವುದೋ ಸುಟ್ಟ ಗಾಯ ಅಂದುಕೊಂಡಿದ್ದೆ. ಅದು ಗಿಟಾರಿನ ನಾಲ್ಕು ತಂತಿಗಳ ಗುರುತು, ಇಪ್ಪತ್ತೆರಡು ವರ್ಷ ಒಂದೇ ಜಾಗದಲ್ಲಿ ಅಂಗೈ ಊರಿ ಊರಿ ಬಿದ್ದ ಗುರುತು ಎಂದು ತಿಳಿದಾಗ ತೆರೆದ ಬಾಯಿ ಮುಚ್ಚಲು ಮರೆತೆ. ಈ ಮನುಷ್ಯ ನನ್ನನ್ನು ಬೆಚ್ಚಿಬೀಳಿಸಿದಷ್ಟು ಇನ್ಯಾರೂ ಬೀಳಿಸಿಲ್ಲ. ಸತ್ತ ಮೇಲೂ ಬಿಡಲಿಲ್ಲ.

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಅವರದೊಂದು ಗ್ರಂಧಿಗೆ ಅಂಗಡಿ. ವಿಭೂತಿ, ಕುಂಕುಮ, ಕರ್ಪೂರ, ರುದ್ರಾಕ್ಷಿ, ಶಿವದಾರ, ಅಳಲೆಕಾಯಿ, ಬಜೆ, ಎಲ್ಲವೂ ಒಂದರ ಮೇಲೊಂದು. ತಾತನ ಕಾಲದಿಂದ ಮಠಗಳಿಗೆ ವಿಭೂತಿ ಗಟ್ಟಿ ಕಳಿಸುತ್ತಿದ್ದ ಮನೆತನ. ಬೀದಿಯವರೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹಗಲೆಲ್ಲ ಅಂಗಡಿ ಗಲ್ಲಾದ ಮೇಲೆ ಕೂತು ಕರ್ಪೂರ ತೂಗುತ್ತಿದ್ದ ಈ ಯಜಮಾನರು ಮದುವೆಯ ಸಂಜೆಗಳಲ್ಲಿ ಆರ್ಕೆಸ್ಟ್ರಾದ ಬೇಸ್ ಗಿಟಾರ್ ವಾದಕರಾಗಿಬಿಡುತ್ತಿದ್ದರು ಎಂದರೆ ಅವರ ಅಂಗಡಿಗೆ ಬರುವ ಅರ್ಧ ಜನ ನಂಬುತ್ತಿರಲಿಲ್ಲ.

ನಾನು ಅವರನ್ನು ಕಂಡದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಸಿದ್ಧಾರ್ಥನಗರದಲ್ಲಿ ಅಮ್ಮನ ಜೊತೆ ಮನೆ, ತಲೆಯ ತುಂಬ ಬೇಸ್ ಗಿಟಾರಿನ ಹುಚ್ಚು. ಭಾನುವಾರ ಬಂತೆಂದರೆ ಗಿಟಾರನ್ನು ಬೆನ್ನಿಗೇರಿಸಿಕೊಂಡು ಸ್ಕೂಟರಿನಲ್ಲಿ ಗೋಕುಲಂ ಬಡಾವಣೆಗೆ ಓಟ. ಅಲ್ಲಿ ಯೋಗ ಕಲಿಯಲು ವರ್ಷವರ್ಷವೂ ಬಂದು ಮೂರು ತಿಂಗಳು ಇರುತ್ತಿದ್ದ ಅಮೆರಿಕದ ಮುದುಕರೊಬ್ಬರಿದ್ದರು. ಎಪ್ಪತ್ತು ದಾಟಿತ್ತು. ಬೆಳಿಗ್ಗೆ ಶೀರ್ಷಾಸನ, ಮಧ್ಯಾಹ್ನ ಗಿಟಾರು. ಅವರು ಹಾಡುತ್ತಿದ್ದದ್ದು ಅವರ ಕಡೆಯ ಹಳ್ಳಿಗಾಡಿನ ಹಾಡು, ಕಂಟ್ರಿ ಎನ್ನುತ್ತಾರೆ. ಲಾರಿ, ರೈಲು, ಕುದುರೆ, ಓಡಿಹೋದ ಹೆಂಡತಿ, ಇಷ್ಟೇ ವಿಷಯ. ಬೇಸ್ ಗಿಟಾರಿಗೆ ಅದರಲ್ಲಿ ಕೆಲಸವೂ ಕಡಿಮೆ. ಒಂದು ಸಾ, ಒಂದು ಪಾ, ಮತ್ತೆ ಸಾ. ನಾನು ಅದನ್ನು ಎರಡು ದಿನದಲ್ಲಿ ಕಲಿತು ಎದೆಯುಬ್ಬಿಸಿಕೊಂಡು ಹೋದೆ.

ಮುದುಕರು ಅರ್ಧ ಹಾಡಿಗೇ ನಿಲ್ಲಿಸಿಬಿಟ್ಟರು. ಸ್ವರ ಸರಿಯಿದೆ, ನಾದ ಸರಿಯಿಲ್ಲ ಅಂದರು. ಅವರಲ್ಲಿದ್ದ ಹಳೆಯ ಕ್ಯಾಸೆಟ್ಟು ಹಾಕಿ ಕೇಳಿಸಿದರು. ಅದರಲ್ಲಿ ಬೇಸು "ದುಮ್" ಎಂದು ಹುಟ್ಟಿ ಹುಟ್ಟಿದಲ್ಲೇ ಮುಗಿಯುತ್ತಿತ್ತು. ಗುಂಡಗೆ, ಮೆತ್ತಗೆ, ಬಾಲವಿಲ್ಲದೆ. ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ನನ್ನದೋ, "ಟಂಯ್" ಎಂದು ಎದ್ದು ಮನೆಯೆಲ್ಲ ಸುತ್ತಿಕೊಂಡು ಬರುತ್ತಿತ್ತು. ಹಾಡುವವನಿಗಿಂತ ಮುಂಚೆ ನಿನ್ನ ತಂತಿಯೇ ಹಾಡುತ್ತಿದೆಯಲ್ಲ ಅಂತ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಬೆಂಗಳೂರಿಗೆ ಹೋಗಿ ಹೊಸ ತಂತಿ ತಂದೆ, ಮತ್ತೊಂದು ಕಂಪನಿಯ ತಂತಿ ತಂದೆ, ಸ್ಪೀಕರು ಬದಲಾಯಿಸಿದೆ, ಗೋಡೆಗೆ ಕಂಬಳಿ ಕಟ್ಟಿದೆ. ಊಹೂಂ. ಟಂಯ್ ಅನ್ನುವುದು ಟಂಯ್ ಅಂತಲೇ ಇತ್ತು.

ಹೀಗಿರುವಾಗ ಕಚೇರಿಯ ಸ್ನೇಹಿತನೊಬ್ಬನ ತಂಗಿಯ ಆರತಕ್ಷತೆಗೆ ಹೋಗಿದ್ದೆ. ಊಟದ ಮನೆ ಕೆಳಗೆ, ಆರ್ಕೆಸ್ಟ್ರಾ ಮೇಲೆ. ಎಲೆಯ ಮುಂದೆ ಕೂತು ಅನ್ನಕ್ಕೆ ಸಾರು ಕಲೆಸುತ್ತಿದ್ದೇನೆ, ಮೇಲಿನ ಮಾಳಿಗೆಯಿಂದ ಗೋಡೆಯೊಳಗೆ ಇಳಿದು ಬಂತು: ದುಮ್. ದುಮ್. ಕಲೆಸುತ್ತಿದ್ದ ಕೈ ನಿಂತುಹೋಯಿತು. ಯಾವುದೋ ಸಿನಿಮಾ ಹಾಡು, ಆದರೆ ಹಾಡಿನ ಅಡಿಯಲ್ಲಿರುವ ನಾದ ಗೋಕುಲಂನ ಕ್ಯಾಸೆಟ್ಟಿನದೇ! ಅದೇ ಗುಂಡು, ಅದೇ ಮೆತ್ತಗೆ. ದಡಕ್ಕನೆ ಎದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು "ಎಲೆ ಬುಟ್ಟು ಏಳ್ಬಾರ್ದು ಕಣಪ್ಪ, ಅನ್ನಕ್ಕೆ ಅವಮಾನ" ಅನ್ನುತ್ತಿದ್ದರೂ ಕೇಳದೆ ಸಾರಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದೆ.

ಡ್ರಮ್ಮಿನ ಹಿಂದೆ, ಯಾರಿಗೂ ಕಾಣದ ಮೂಲೆಯಲ್ಲಿ, ಒಂದು ಸ್ಟೂಲಿನ ಮೇಲೆ ಕೂತಿದ್ದರು. ಹಣೆಯ ತುಂಬ ಮೂರು ಪಟ್ಟೆ ವಿಭೂತಿ, ಬಿಳಿ ಪಂಚೆ, ಬಿಳಿ ಜುಬ್ಬ, ತೊಡೆಯ ಮೇಲೆ ಎಲ್ಲೆಲ್ಲೂ ಬಣ್ಣ ಹೋದ ಕೆಂಪು ಬೇಸ್ ಗಿಟಾರು. ಹೆಬ್ಬೆರಳೊಂದೇ ಆಡುತ್ತಿತ್ತು. ಬೇರೆ ಬೆರಳುಗಳು ಸುಮ್ಮನೆ ಮಡಚಿಕೊಂಡು ನಿದ್ದೆ ಮಾಡುತ್ತಿದ್ದವು. ಹಾಡು ಮುಗಿದದ್ದೇ ಅವರ ಮುಂದೆ ನಿಂತು, "ಸಾರ್, ಈ ಸೌಂಡು ಎಂಗೆ ಬರುತ್ತೆ?" ಅಂದುಬಿಟ್ಟೆ. ನಮಸ್ಕಾರವಿಲ್ಲ, ಹೆಸರಿಲ್ಲ.

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಮೊದ್ಲು ಕೈ ತೊಳ್ಕೊಂಡು ಬಾ ಹೋಗಯ್ಯಾ" ಅಂದರು.

ಮಾರನೆಯ ದಿನದಿಂದಲೇ ಕಚೇರಿ ಬಿಟ್ಟೊಡನೆ ನನ್ನ ಸ್ಕೂಟರು ದೇವರಾಜ ಮೊಹಲ್ಲಾದ ಕಡೆ ತಿರುಗತೊಡಗಿತು. ಗಿರಾಕಿಗಳ ನಡುವೆಯೇ ಪಾಠ. "ಅರ್ಧ ಪಾವು ಕುಂಕುಮ ಕೊಡಿ" ಎಂದವರಿಗೆ ಕುಂಕುಮ ಕಟ್ಟಿಕೊಡುತ್ತ ನನ್ನ ಕಡೆ ತಿರುಗಿ, "ಅಂಗೈ ಊರು. ತಂತೀನ ಮಾತಾಡಕ್ಕೆ ಬುಡ್ಬೇಡ, ಒಂದು ಮಾತು ಅನ್ಲಿ, ಬಾಯಿ ಮುಚ್ಚು" ಅನ್ನುತ್ತಿದ್ದರು. ಕಂಟ್ರಿ ಹಾಡು ಎಂಬುದೊಂದಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ನಾನು ಕ್ಯಾಸೆಟ್ಟು ಕೇಳಿಸಿದೆ. ಒಂದು ನಿಮಿಷ ಕೇಳಿ, "ಇದು ನಮ್ಮ ತಂಬೂರಿ ಅಲ್ವೇನಯ್ಯಾ? ಪಾ, ಸಾ. ನಮ್ಮಲ್ಲಿ ಕೂತಿರುತ್ತೆ, ಅವರಲ್ಲಿ ನಡೀತದೆ, ಅಷ್ಟೇಯ" ಅಂದರು. ನಾನು ಆರು ವಾರ ತಲೆ ಕೆಡಿಸಿಕೊಂಡದ್ದನ್ನು ಅವರು ಕರ್ಪೂರದ ಪೊಟ್ಟಣ ಕಟ್ಟುವಷ್ಟರಲ್ಲಿ ಹೇಳಿ ಮುಗಿಸಿದ್ದರು.

ಅವರ ಗಿಟಾರಿನದೇ ಒಂದು ಕಥೆ. ಹೋಟೆಲೊಂದರ ಬ್ಯಾಂಡಿನಲ್ಲಿದ್ದ ಗೋವಾದವರು ಊರು ಬಿಡುವಾಗ ಬಿಟ್ಟುಹೋದದ್ದಂತೆ. ಯಜಮಾನರು ಮಠದ ಭಜನೆಯಲ್ಲಿ ತಂಬೂರಿ ಹಿಡಿಯುತ್ತಿದ್ದವರು, ನಾಲ್ಕು ತಂತಿ ಅಲ್ಲೂ ಇದೆ ಇಲ್ಲೂ ಇದೆ ಎಂದು ಎತ್ತಿಕೊಂಡು ಬಂದರಂತೆ. ಅಂದಿನಿಂದ ತಂತಿ ಬದಲಾಯಿಸಿಲ್ಲ, ಒರೆಸಿಲ್ಲ. ಕಪ್ಪಾಗಿ, ಬೂದಿ ಮೆತ್ತಿಕೊಂಡು, ನೋಡಿದರೇ ಜಿಡ್ಡು. ತಂತಿ ಕಟ್ಟಿರುವ ಕಡೆ, ತಗಡಿನ ಮುಚ್ಚಳದ ಕೆಳಗೆ, ಹಳೆಯ ಪಂಚೆಯ ತುಂಡೊಂದನ್ನು ಮಡಿಸಿ ತುರುಕಿದ್ದರು. ನಾದ ತೆಳ್ಳಗೆ ಮಾಡುವ ತಿರುಗಣೆಯನ್ನು ಪೂರ್ತಿ ಕಡಿಮೆ ಮಾಡಿ, ಯಾರೂ ತಿರುಗಿಸದ ಹಾಗೆ ಅರಗು ಕಾಯಿಸಿ ಬಿಟ್ಟು ಸೀಲು ಮಾಡಿದ್ದರು! ನಾನು ಗಾಬರಿಯಾಗಿ "ಯಜಮಾನ್ರೇ, ಇದೇನಿದು?" ಅಂದರೆ, "ಇದ್ರಿಂದ ನಂಗೆ ಉಪಯೋಗ ಇಲ್ಲ. ಬೇರೆಯೋರ ಕೈಗೆ ತಿರುಗ್ಸೋ ಚಟ" ಅಂದರು.

ನಾದ ಎಲ್ಲಿಂದ ಬರುತ್ತದೆ ಎಂದು ಎಷ್ಟು ಸಲ ಕೇಳಿದರೂ ಒಂದೇ ಉತ್ತರ. ಹೆಬ್ಬೆರಳು ಎತ್ತಿ ತೋರಿಸಿ, "ಎಲ್ಲಾ ಈ ಹೆಬ್ಬೆಟ್ಟಲ್ಲಿದೆ ಕಣಯ್ಯಾ" ಅನ್ನುತ್ತಿದ್ದರು. ಅವರು ಮನಸಾರೆ ಹಾಗೆ ನಂಬಿದ್ದರು. ನಾನೂ ನಂಬಿದೆ. ಇನ್ನೊಬ್ಬರ ವಾದ್ಯ ಮುಟ್ಟಬಾರದು ಎನ್ನುವುದು ಅವರ ಕಟ್ಟುನಿಟ್ಟು, ಹಾಗಾಗಿ ಅವರು ನನ್ನದನ್ನು ಮುಟ್ಟಲಿಲ್ಲ, ನಾನು ಅವರದನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಇಬ್ಬರಿಗೂ ನಿಜ ಗೊತ್ತಾಗಿ ಮುಂದಿನ ಅನಾಹುತ ತಪ್ಪುತ್ತಿತ್ತು.

ಒಂದು ಭಾನುವಾರ ಅವರನ್ನು ಗೋಕುಲಂಗೆ ಕರೆದುಕೊಂಡು ಹೋದೆ. ಅಮೆರಿಕದ ಮುದುಕರು ಹಾಡು ಶುರು ಮಾಡಿದರು, ಯಜಮಾನರು ಹೆಬ್ಬೆರಳು ಇಟ್ಟರು. ಎರಡು ಸಾಲು ಆಗಿತ್ತೋ ಇಲ್ಲವೋ, ಮುದುಕರ ಕೈ ನಿಂತಿತು. ಗಿಟಾರು ಕೆಳಗಿಟ್ಟು, ಕನ್ನಡಕ ತೆಗೆದು, ಯಜಮಾನರನ್ನೇ ನೋಡುತ್ತ ಕೂತುಬಿಟ್ಟರು. ಏನೋ ತಪ್ಪಾಯಿತೇನೋ ಅಂದುಕೊಂಡೆ. ಕೊನೆಗೆ ಮುದುಕರು ಮೆಲ್ಲಗೆ ಏನೋ ಅಂದರು.

"ಏನಂತಯ್ಯಾ?" ಯಜಮಾನರು ನನ್ನನ್ನು ಕೇಳಿದರು.

"ಅವರಪ್ಪನ ಲಾರೀಲಿ ಒಂದು ರೇಡಿಯೋ ಇತ್ತಂತೆ. ಅವರಪ್ಪ ಸತ್ತ ಮೇಲೆ ಈ ಸೌಂಡು ಕೇಳಿರ್ಲಿಲ್ಲವಂತೆ."

ಯಜಮಾನರು ತಂತಿಯಿಂದ ಹೆಬ್ಬೆರಳು ತೆಗೆದು, "ಪಾಪ, ಕಾಫಿ ಕುಡಿಯಕ್ಕೆ ಹೇಳು" ಅಂದರು.

ಆ ವರ್ಷವೇ ತಾವು ಬರುವುದು ಕೊನೆ ಎಂದು ಮುದುಕರು ಹೇಳಿದರು. ಮಂಡಿ ಕೈಕೊಟ್ಟಿತ್ತು. ಹೋಗುವ ಮುನ್ನ ಆರು ಹಾಡು ಧ್ವನಿಮುದ್ರಿಸಿಕೊಂಡು ಹೋಗಬೇಕು, ಬೇಸು ಯಜಮಾನರೇ ಬಾರಿಸಬೇಕು ಎಂದು ಕೇಳಿಕೊಂಡರು. ಬೆಂಗಳೂರಿನಿಂದ ಒಳ್ಳೆಯ ರೆಕಾರ್ಡರು, ಮೈಕು ಎಲ್ಲ ತರಿಸಿದರು. ದಿನವೂ ಗೊತ್ತಾಯಿತು, ವಿಜಯದಶಮಿಯ ಮಾರನೆಯ ದಿನ ಮಧ್ಯಾಹ್ನ. ಅದರ ಮರುದಿನ ಮುದುಕರ ವಿಮಾನ. ಯಜಮಾನರ ಮುಖ ಆವತ್ತು ನೋಡಬೇಕಿತ್ತು! ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅವರ ನಾದ ಟೇಪಿನ ಮೇಲೆ ಹತ್ತಿರಲಿಲ್ಲ. ಮದುವೆ ವಿಡಿಯೋಗಳಲ್ಲಿ ಅವರ ಬೇಸಿನ ಮೇಲೆ ಬೇರೆ ಹಾಡು ಹಾಕಿಬಿಡುತ್ತಿದ್ದರು. "ನಾವು ಹೋದ್ಮೇಲೂ ಒಂದಿರುತ್ತಲ್ಲಯ್ಯಾ, ಇಂಗಿತ್ತು ಅಂತ" ಎಂದು ಎರಡು ಮೂರು ಸಲ ಅಂದರು. ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಮನೆಯಲ್ಲಿ ಯಜಮಾಂತಿ ರೇಷ್ಮೆ ಪಂಚೆ ಇಸ್ತ್ರಿ ಮಾಡಿಸಿಟ್ಟರಂತೆ.

ದಸರೆಗೆ ಗ್ರಂಧಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೂಟೆಗಳ ಮಧ್ಯೆ ಗಿಟಾರು ಬೇಡವೆಂದು ನವರಾತ್ರಿಯ ಮೊದಲ ವಾರದಲ್ಲೇ ತಂದು ನಮ್ಮ ಮನೆಯಲ್ಲಿಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತು, "ಆಯುಧಪೂಜೆ ದಿನ ನಂಗೆ ಬರಕ್ಕಾಗಲ್ಲ. ಒಂದು ಹೂ ಇಟ್ಬುಡು, ಸಾಕು" ಅಂದರು.

ಒಂದು ಹೂ ಇಟ್ಟಿದ್ದರೆ ಸಾಕಾಗಿತ್ತು. ನನಗೆ ಸಾಕಾಗಲಿಲ್ಲವಲ್ಲ!

ಆಯುಧಪೂಜೆಯ ದಿನ ಮೈಸೂರಿನಲ್ಲಿ ಸ್ಕೂಟರಿನಿಂದ ಹಿಡಿದು ಈಳಿಗೆಮಣೆಯವರೆಗೆ ತೊಳೆಯದ ಸಾಮಾನಿಲ್ಲ. ಅಮ್ಮ ಬೆಳಿಗ್ಗೆಯೇ ಬಕೆಟ್ಟು ಹಿಡಿದು ನಿಂತಿದ್ದಳು. ಯಜಮಾನರ ಗಿಟಾರು ನೋಡಿ ಮೂಗು ಮುರಿದಳು. "ಅಯ್ಯೋ, ಇದೇನೋ ಇಷ್ಟು ಕೊಳೆ! ಪಾಪ, ಅಂಗಡಿ ಕೆಲಸದಲ್ಲಿ ಅವರಿಗೆಲ್ಲಿ ಪುರುಸೊತ್ತು? ಪೂಜೆಗೆ ಇಡೋ ವಸ್ತು ಕಣೋ, ಹೀಗಿಡ್ತಾರಾ? ಈ ಮೈಲಿಗೆ ಬಟ್ಟೆ ಬೇರೆ ತುರುಕಿದ್ದಾರೆ" ಎಂದು ಪಂಚೆ ತುಂಡನ್ನು ಎರಡು ಬೆರಳಲ್ಲಿ ಎಳೆದು ಕಸಕ್ಕೆ ಹಾಕಿದಳು. ನಾನು ತಡೆದೆನೇ? ಇಲ್ಲ. ನನ್ನ ತಲೆಯಲ್ಲಿ ಅದಕ್ಕಿಂತ ಘನಂದಾರಿ ಯೋಚನೆ ಓಡುತ್ತಿತ್ತು. ಗುರುಗಳ ಮೊದಲ ಧ್ವನಿಮುದ್ರಣ, ನನ್ನ ಕಡೆಯಿಂದ ಒಂದು ಕಾಣಿಕೆ ಇರಲಿ ಎಂದು ಬೆಂಗಳೂರಿನಿಂದ ಫಳಫಳ ಹೊಳೆಯುವ ಹೊಸ ತಂತಿಗಳನ್ನು ಆಗಲೇ ತಂದಿಟ್ಟಿದ್ದೆ. ನಾದ ಹೆಬ್ಬೆಟ್ಟಲ್ಲಿದೆ ಅಂತ ಅವರೇ ಹೇಳಿದ್ದಾರೆ. ತಂತಿ ಹೊಸದಾದರೆ ಇನ್ನೂ ಚೆಂದ ತಾನೇ?

ಕಟಿಂಗ್ ಪ್ಲೇಯರ್ ತಗೊಂಡು ಹಳೆಯ ನಾಲ್ಕೂ ತಂತಿಗಳನ್ನು ಟಪ್ ಟಪ್ ಎಂದು ಕತ್ತರಿಸಿದೆ. ಮರವನ್ನು ಸೀಗೆಕಾಯಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಹೊಸ ತಂತಿ ಬಿಗಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದೆ. ಅಮ್ಮ ಆ ಹಳೆಯ ತಂತಿ ತುಂಡುಗಳನ್ನು ಕಸಕ್ಕೆ ಹಾಕಲಿಲ್ಲ. ದಾರ ಸಿಕ್ಕಿರಲಿಲ್ಲವಂತೆ, ಗೇಟಿನ ಎರಡೂ ಕಡೆಯ ಬಾಳೆಕಂದಿಗೆ ಅವನ್ನೇ ಸುತ್ತಿ ಕಟ್ಟಿದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತಾರೆ. ನಾವು ತಾಯಿ ಮಗ ಸೇರಿ ಮಾಡಿದ್ದು ಅದೇ.

ವಿಜಯದಶಮಿಯ ದಿನ ಊರೆಲ್ಲ ಮೆರವಣಿಗೆಯ ಜನ, ಯಾರೂ ಎಲ್ಲೂ ಅಲ್ಲಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಯಜಮಾನರು ಬಂದರು. ರೇಷ್ಮೆ ಪಂಚೆ, ಹೊಸ ಶಲ್ಯ. ನಾನು ಬಾಗಿಲಲ್ಲಿ ಮದುಮಗನ ಕಡೆಯವನ ಹಾಗೆ ಹಲ್ಲು ಕಿರಿದುಕೊಂಡು ನಿಂತಿದ್ದೆ. ಅವರು ಗೇಟು ತೆಗೆಯಲು ಕೈಯಿಟ್ಟವರು ನಿಂತರು. ಬಾಡಿದ ಬಾಳೆಕಂದಿನ ಮೇಲೆ ಹೆಬ್ಬೆರಳು ಆಡಿಸಿದರು. ಕಣ್ಣಿಂದ ಗುರುತು ಹಿಡಿಯಲಿಲ್ಲ, ಬೆರಳಿಂದ ಹಿಡಿದರು.

"ಇದು ನನ್ನ ತಂತಿ ಅಲ್ವೇನಯ್ಯಾ?"

ಇನ್ನೊಂದು ಕಡೆಯ ಕಂದನ್ನೂ ಮುಟ್ಟಿ ನೋಡಿದರು.

"ಮೂರಿದೆ. ಇನ್ನೊಂದೆಲ್ಲಿ?"

ನಾಲ್ಕನೆಯದು ನನ್ನ ಸ್ಕೂಟರಿನ ಹ್ಯಾಂಡಲ್ಲಿಗೆ ಪುಟ್ಟ ಬಾಳೆಎಲೆ ಕಟ್ಟಲು ಬಳಕೆಯಾಗಿತ್ತು. ಅವರೇ ಅದನ್ನೂ ಕಂಡುಕೊಂಡರು. ಮೆಟ್ಟಿಲ ಮೇಲೆ ಕೂತರು. ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಒಂದು ಕ್ಷಣದಲ್ಲಿ, ಕೆನ್ನೆಗೆ ಹೊಡೆದ ಹಾಗೆ. ಆ ಕೊಳೆಯೇ ನಾದ. ಆ ಬಟ್ಟೆಯೇ ನಾದ. ದಿನವೂ ಪೂಜೆ ಮುಗಿಸಿ ವಿಭೂತಿ ಕೈಯಲ್ಲೇ ಬಾರಿಸಿ ಬಾರಿಸಿ ತಂತಿಯ ಮೇಲೆ ಕೂತ ಇಪ್ಪತ್ತೆರಡು ವರ್ಷ, ಅದನ್ನು ನಾನು ಸೀಗೆಕಾಯಿ ಹಾಕಿ ತೊಳೆದು ಕುಂಬಳಕಾಯಿ ಒಡೆದಿದ್ದೆ! ಅಳಬೇಕೋ, ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ.

ಇದ್ಯಾವುದೂ ತಿಳಿಯದ ಅಮ್ಮ ಕಾಫಿ ಲೋಟ ಹಿಡಿದು ಬಂದಳು. "ಎಷ್ಟು ಚೆನ್ನಾಗಿ ತೊಳೆದಿದ್ದಾನೆ ನೋಡಿ ನಿಮ್ಮ ಶಿಷ್ಯ, ಹೊಸದೇ ಆಗೋಗಿದೆ" ಅಂದಳು.

ಯಜಮಾನರು ಲೋಟ ತೆಗೆದುಕೊಂಡರು. "ಒಳ್ಳೇ ಕೆಲಸ ಮಾಡಿದೀರಿ ತಾಯಿ" ಅಂದರು. ಅಮ್ಮ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, ಮೆಲುದನಿಯಲ್ಲಿ, "ಅವರಿಗೆ ಹೇಳ್ಬೇಡ. ಹಬ್ಬದಲ್ಲಿ ಮನಸ್ಸಿಗೆ ಹಚ್ಕೊಂಡ್ಬುಡ್ತಾರೆ" ಅಂದರು. ನನಗೆ ಒಂದು ಏಟು ಕೊಟ್ಟಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ಗಿಟಾರನ್ನು ತೊಡೆಯ ಮೇಲಿಟ್ಟು ಹೆಬ್ಬೆರಳು ಹಾಕಿದರು. ಟಂಯ್! ನನ್ನ ಗಿಟಾರಿನ ಅದೇ ದರಿದ್ರ ಟಂಯ್, ಈಗ ಅವರ ಕೈಯಲ್ಲಿ. ಅವರು ತಮ್ಮ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಇಪ್ಪತ್ತೆರಡು ವರ್ಷ ನಂಬಿದ್ದ ಹೆಬ್ಬೆರಳು ಆವತ್ತು ಅವರಿಗೂ ಸುಳ್ಳು ಹೇಳಿತ್ತು. ಆ ಮುಖ ಇವತ್ತಿಗೂ ನನಗೆ ಮರೆಯಲಾಗಿಲ್ಲ.

ಆದರೆ ಕೂತು ಕೊರಗುವ ಜಾತಿಯಲ್ಲ ಅವರು. "ಹರಳೆಣ್ಣೆ ಇದ್ಯಾ ಮನೇಲಿ?" ಅಂದರು. ಜುಬ್ಬದ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಪುಡಿ ಮಾಡಿ, ಎಣ್ಣೆಯಲ್ಲಿ ಕಲೆಸಿ, ಹೊಸ ತಂತಿಯ ಸುತ್ತುಗಳ ಸಂದಿಗೆ ಇಂಚಿಂಚಾಗಿ ತಿಕ್ಕತೊಡಗಿದರು. ನಾನು ಎರಡು ತಂತಿ, ಅವರು ಎರಡು ತಂತಿ. ಹೊಸ ಶಲ್ಯದ ಅಂಚನ್ನೇ ಹರಿದು, ಮಡಿಸಿ, ಮುಚ್ಚಳದ ಕೆಳಗೆ ತುರುಕಿದರು. ಮಧ್ಯಾಹ್ನದವರೆಗೂ ತಿಕ್ಕಿದೆವು. ಒಂದೊಂದು ಸಲ ಬಾರಿಸಿ ನೋಡುವುದು, ಮತ್ತೆ ತಿಕ್ಕುವುದು. ಟಂಯ್ ಸತ್ತಿತು. ದುಮ್ ಬರಲಿಲ್ಲ, ಆದರೆ ಹತ್ತಿರ ಬಂತು.

ಗೋಕುಲಂನಲ್ಲಿ ಆರು ಹಾಡೂ ಆಯಿತು. ಮುದುಕರು ಏನೂ ಕೇಳಲಿಲ್ಲ. ಚೆನ್ನಾಗಿದೆ ಅಂದರು, ಸ್ವಲ್ಪ ತಡೆದು ಬಹಳ ಚೆನ್ನಾಗಿದೆ ಅಂದರು. ಮೊದಲ ಸಲದ ಹಾಗೆ ಕನ್ನಡಕ ಮಾತ್ರ ತೆಗೆಯಲಿಲ್ಲ. ಹೊರಡುವಾಗ ಮುದುಕರೂ ಯಜಮಾನರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ನಮಗೊಂದು ಕ್ಯಾಸೆಟ್ಟು ಕೊಟ್ಟಿದ್ದರು. ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಕೂತು ಕೇಳಿದೆವು. ಯಜಮಾನರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಚೆನ್ನಾಗಿದೆ. ನನ್ನ ತಮ್ಮ ಬಾರಿಸ್ದಂಗಿದೆ" ಅಂದರು.

"ನಿಮಗೆ ತಮ್ಮ ಇದ್ದಾರಾ ಯಜಮಾನ್ರೇ?"

"ಇಲ್ಲ ಕಣಯ್ಯಾ."

ಅಷ್ಟೇ. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಮುಂದಿನ ವರ್ಷ ಆಯುಧಪೂಜೆಗೆ ಎರಡು ದಿನ ಮುಂಚೆ ಅಂಗಡಿಯಿಂದ ಅಮ್ಮನಿಗೆ ಪೂಜೆ ಸಾಮಾನಿನ ಪೊಟ್ಟಣ ಬಂತು. ಕುಂಕುಮ, ಕರ್ಪೂರ, ವಿಭೂತಿ, ಜೊತೆಗೆ ಒಂದು ದೊಡ್ಡ ಸೆಣಬಿನ ದಾರದ ಉಂಡೆ! ನನಗೆ ನಾಚಿಕೆಯಲ್ಲಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಮ್ಮ ಮಾತ್ರ "ಎಷ್ಟು ಒಳ್ಳೇವರು ನೋಡು, ಬಾಳೆಕಂದು ಕಟ್ಟೋಕೆ ದಾರಾನೂ ಕಳಿಸಿದ್ದಾರೆ" ಎಂದು ಹಿಗ್ಗಿದಳು. ಅದರ ಮುಂದಿನ ವರ್ಷವೂ ಬಂತು. ಪ್ರತಿ ವರ್ಷವೂ ಬಂತು. ಬೀದಿಯಲ್ಲಿ ಸಿಕ್ಕಾಗ ಮುಖ ಗಂಭೀರ ಮಾಡಿಕೊಂಡು, "ದಾರ ಸಾಕಾಯ್ತೇನಯ್ಯಾ?" ಎಂದು ಕೇಳುತ್ತಿದ್ದರು.

ಎರಡು ಸಾವಿರನೇ ಇಸವಿ ದಾಟಿದ ಮೇಲೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡೇ ಬೇಸಿನ ಕೆಲಸವನ್ನೂ ಮಾಡತೊಡಗಿತು. ಯಜಮಾನರನ್ನು ಕರೆಯುವವರು ಕಡಿಮೆಯಾದರು, ಆಮೇಲೆ ಇಲ್ಲವೇ ಆದರು. ಅಂಗಡಿಗೆ ಹೋಗುತ್ತಿದ್ದೆ, ಕಾಫಿ ಕುಡಿಯುತ್ತಿದ್ದೆ, ಊರ ಸುದ್ದಿ ಮಾತಾಡುತ್ತಿದ್ದೆ. ಗಿಟಾರಿನ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಒಂದು ಸಲ ಬಾರಿಸಿ ಯಜಮಾನ್ರೇ ಎಂದು ಕೇಳುವ ಧೈರ್ಯ ಆಮೇಲಿನ ಒಂಬತ್ತು ವರ್ಷದಲ್ಲಿ ಒಂದು ದಿನವೂ ಬರಲಿಲ್ಲ. ಆ ಟಂಯ್ ಮತ್ತೆ ಕೇಳಿಬಿಟ್ಟರೆ ಅನ್ನುವ ಹೆದರಿಕೆ. ಇದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಭಾದ್ರಪದದ ಒಂದು ಮಧ್ಯಾಹ್ನ ಕಚೇರಿಗೆ ಫೋನು ಬಂತು. ಗಲ್ಲಾದ ಮೇಲೆ ಕೂತು ಕರ್ಪೂರ ತೂಗುತ್ತಿದ್ದವರು ತಕ್ಕಡಿ ಕೈಯಲ್ಲಿ ಹಿಡಿದೇ ವಾಲಿದರಂತೆ. ಹಿಂದಿನ ದಿನವಷ್ಟೇ ಜೊತೆಯಲ್ಲಿ ಕಾಫಿ ಕುಡಿದಿದ್ದೆ! ಹೋಗಿ ನೋಡಿದರೆ, ಅವರನ್ನು ಕೂರಿಸಿದ್ದರು. ಅವರ ಸಂಪ್ರದಾಯದಲ್ಲಿ ಹಾಗೇ ಎಂದು ಕೇಳಿ ಗೊತ್ತಿತ್ತು, ಕಂಡಿರಲಿಲ್ಲ. ಪದ್ಮಾಸನ ಹಾಕಿ, ಹಣೆಗೆ ವಿಭೂತಿ, ಕೊರಳಿಗೆ ಹೂವು. ಆರತಕ್ಷತೆಯ ದಿನ ಸ್ಟೂಲಿನ ಮೇಲೆ ಕೂತಿದ್ದಾಗಿನ ಅದೇ ನೆಟ್ಟ ಬೆನ್ನು, ಅದೇ ಬಿಳಿ ಜುಬ್ಬ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ರುದ್ರಭೂಮಿಯಲ್ಲಿ ಗುಂಡಿಯೊಳಗೂ ಕೂರಿಸಿ, ಸುತ್ತ ಬಿಲ್ವಪತ್ರೆ, ವಿಭೂತಿ ಗಟ್ಟಿ ಇಟ್ಟರು. ಅವರ ಅಂಗಡಿಯದೇ ವಿಭೂತಿ. ನನ್ನ ಕೈಗೂ ಒಂದು ಗಟ್ಟಿ ಕೊಟ್ಟರು. ಅವರ ಬಲಗೈ ಪಕ್ಕದಲ್ಲಿಟ್ಟೆ. ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಕೈಯಲ್ಲಿ ಆ ವಾಸನೆ ಇತ್ತು.

ಕರ್ಮಗಳೆಲ್ಲ ಕಳೆದ ಮೇಲೆ, ಆಯುಧಪೂಜೆಯ ಹಿಂದಿನ ದಿನ, ಯಜಮಾಂತಿಯವರು ಆಟೋದಲ್ಲಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಗಿಟಾರು. ಚೀಲದ ಹಿಡಿಗೆ ಒಂದು ಸೆಣಬಿನ ದಾರದ ಉಂಡೆ ಕಟ್ಟಿತ್ತು.

"ದಾರ ಅವರೇ ತಂದಿಟ್ಟಿದ್ರು, ಹಬ್ಬಕ್ಕೆ ಕಳಿಸ್ಬೇಕು ಅಂತ. ಗಿಟಾರು ನಿಮಗೇ ಅಂತ ಯಾವಾಗ್ಲೂ ಹೇಳೋರು" ಅಂದರು. "ಬೆಳಿಗ್ಗೆ ಪೂಜೆ ಆದ್ಮೇಲೆ ದಿನಾ ಒಂದರ್ಧ ಗಂಟೆ ಬಾರಿಸೋರು ಕಣಪ್ಪ. ಒಂದು ದಿನ ತಪ್ಪಿಸಿದೋರಲ್ಲ. ಕೈ ತೊಳ್ಕೊಂಡು ಬಾರಿಸ್ರೀ, ಎಲ್ಲಾ ಬೂದಿ ಆಗುತ್ತೆ ಅಂದ್ರೆ ಕೇಳ್ತಾನೇ ಇರ್ಲಿಲ್ಲ. ಆ ಹುಡುಗ ಹಾಕಿರೋ ತಂತಿ ಕಣೇ, ಹಣ್ಣಾಗ್ಲಿ, ಅವನ ಕೈಗೇ ಕೊಡ್ಬೇಕು ಅನ್ನೋರು."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಅವರು ಹೋದ ಮೇಲೆ ಚೀಲ ಬಿಚ್ಚಿದೆ. ಫಳಫಳ ಹೊಳೆಯುತ್ತಿದ್ದಾಗ ನಾನು ಬಿಗಿದಿದ್ದ ಆ ನಾಲ್ಕು ತಂತಿಗಳು ಕಪ್ಪಾಗಿ, ಬೂದಿ ಮೆತ್ತಿಕೊಂಡು, ಜಿಡ್ಡುಜಿಡ್ಡಾಗಿದ್ದವು. ಮುಚ್ಚಳದ ಕೆಳಗೆ ಅದೇ ಶಲ್ಯದ ಅಂಚು. ಸ್ಪೀಕರಿಗೆ ಜೋಡಿಸಿ, ಅಂಗೈ ಊರಿ, ನನ್ನ ಹೆಬ್ಬೆರಳು ಹಾಕಿದೆ.

ದುಮ್.

ಅದೇ. ಅಂದು ಕಲ್ಯಾಣ ಮಂಟಪದ ಗೋಡೆಯೊಳಗಿಂದ ಇಳಿದು ಬಂದದ್ದು. ನಾನು ಕೆಡಿಸಿದ್ದನ್ನು ಅವರು ಒಂಬತ್ತು ವರ್ಷ, ದಿನಕ್ಕೆ ಅರ್ಧ ಗಂಟೆ, ಸದ್ದಿಲ್ಲದೆ ಸರಿಮಾಡಿ, ಸರಿಯಾಯಿತು ಎಂದು ಒಂದು ಮಾತೂ ಹೇಳದೆ ಹೋಗಿದ್ದರು. ನಾನು ಒಂದು ದಿನ, ಒಂದೇ ಒಂದು ದಿನ, ಬಾರಿಸಿ ಎಂದು ಕೇಳಿದ್ದರೆ ಅವರ ಕೈಯಲ್ಲೇ ಕೇಳಬಹುದಿತ್ತು. ಜೋರಾಗಿ ಅತ್ತುಬಿಟ್ಟೆ, ನಲವತ್ತರ ಹತ್ತಿರದ ಗಂಡಸು.

ಮಾರನೆಯ ಬೆಳಿಗ್ಗೆ ಅಮ್ಮ ಬಕೆಟ್ಟು, ಬಟ್ಟೆ ಹಿಡಿದು ಬಂದಳು. ವಯಸ್ಸಾಗಿತ್ತು, ಬೆನ್ನು ಬಾಗಿತ್ತು, ಹಬ್ಬದ ಹುರುಪು ಮಾತ್ರ ಹಾಗೇ ಇತ್ತು. ಗಿಟಾರಿನ ಕಡೆ ಕೈಚಾಚಿ, "ಅಯ್ಯೋ, ಮತ್ತೆ ಎಷ್ಟು ಕೊಳೆ ಕೂತಿದೆ! ಕೊಡೋ ಇಲ್ಲಿ" ಅಂದಳು.

"ಮುಟ್ಬೇಡ!" ಎಂದು ಕಿರುಚಿದೆ. ಅವಳ ಕೈಯಿಂದ ಬಟ್ಟೆ ಬಿತ್ತು. ಅಮ್ಮನ ಮೇಲೆ ನಾನು ಹಾಗೆ ಕೂಗಿದ್ದು ಅದೇ ಮೊದಲು. ಆಮೇಲೆ ಅವಳನ್ನು ಕೂರಿಸಿ, ಹೇಳಬೇಡ ಎಂದು ಅವರು ಹೇಳಿದ್ದನ್ನೆಲ್ಲ ಹೇಳಿದೆ, ಬಾಳೆಕಂದಿನಿಂದ ಹಿಡಿದು ದಾರದ ಉಂಡೆಯವರೆಗೆ. ಅಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ಕೇಳಿದಳು. "ಒಂದು ಮಾತು ಅನ್ಲಿಲ್ವಲ್ಲೋ ಆ ಮನುಷ್ಯ, ನನ್ನ ಕೈಲಿ ಕಾಫಿ ಕುಡ್ಕೊಂಡು ಹೋದ್ರು" ಅಂದಳು. ಆಮೇಲೆ ಬಕೆಟ್ಟನ್ನು ಎತ್ತಿ ಹಿತ್ತಲಿಗೆ ತಾನೇ ತೆಗೆದುಕೊಂಡು ಹೋದಳು.

ನಾನು ಗೇಟಿನ ಬಾಳೆಕಂದುಗಳನ್ನು ಅವರ ದಾರದಿಂದ ಕಟ್ಟಿ ಬಂದೆ. ಗಿಟಾರಿಗೆ ಒಂದು ಹೂ ಇಟ್ಟೆ.